ದಾರ ಕೈಬಿಟ್ಟೆ. ಕೇವ್ ಡೈವಿಂಗ್ ನನ್ನಿಂದ ಆಗುವ ಮಾತಾ?

ಮೀನುಕಣ್ಣು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಗುಹೆಯ ಬಾಯಿಯ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗಲು ಕಲಿಸುವ ಕೇವರ್ನ್ ಕೋರ್ಸ್‌ನ ಎರಡನೇ ದಿನ ಆದದ್ದು ಇನ್ನೂ ತಲೆಯಿಂದ ಇಳಿದಿಲ್ಲ.

ಸಮುದ್ರದಲ್ಲಿ ನಾನು ತೊಂಬತ್ತು ಚಿಲ್ಲರೆ ಡೈವ್ ಮಾಡಿದ್ದೇನೆ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಿಂದ 12 ಹುಡುಗರನ್ನೂ ಅವರ ಕೋಚನ್ನೂ ಡೈವರ್‌ಗಳು ಹೊರಗೆ ತಂದರಲ್ಲ, ಆಗಿನಿಂದ ಗುಹೆಯೊಳಗಿನ ನೀರು ನನ್ನನ್ನು ಕಾಡುತ್ತಿದೆ. ವರ್ಷಗಟ್ಟಲೆ ಓದಿ, ಕೊನೆಗೆ ಧೈರ್ಯ ಮಾಡಿ ಕೋರ್ಸ್‌ಗೆ ಸೇರಿದೆ.

ಮೊದಲ ದಿನ ಎಲ್ಲ ನೆಲದ ಮೇಲೆ. ಗುಹೆಯಲ್ಲಿ ವಾಪಸ್ ಬರುವ ದಾರಿ ತಪ್ಪದಂತೆ ದಾರ ಹಾಸುತ್ತಾ ಹೋಗಬೇಕು, ಅದರ ಅಭ್ಯಾಸಕ್ಕೆ ಮೇಷ್ಟ್ರು ಮರದಿಂದ ಮರಕ್ಕೆ, ಮರದಿಂದ ಕಲ್ಲಿಗೆ ದಾರ ಕಟ್ಟಿಸಿದರು. ಆಮೇಲೆ ಕಣ್ಣು ಮುಚ್ಚಿ ನಡೆಯಬೇಕು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ದಾರ ಅದರೊಳಗೆ ಸರಿಯುತ್ತಾ ಹೋಗುತ್ತದೆ. ಜೊತೆಗಾರ ಹಿಂದಿನಿಂದ ತೋಳು ಹಿಡಿದಿರುತ್ತಾನೆ. ಮುಂದಕ್ಕೆ ತಳ್ಳಿದರೆ ಹೋಗು, ಬಿಗಿಯಾಗಿ ಹಿಡಿದರೆ ನಿಲ್ಲು, ಹಿಂದಕ್ಕೆ ಎಳೆದರೆ ಹಿಂದೆ ಬಾ. ಮಾತೇ ಇಲ್ಲ. ಇದನ್ನು ಖುಷಿಯಿಂದ ಮಾಡಿದೆ, ಚೆನ್ನಾಗಿಯೇ ಬಂತು.

ಎರಡನೇ ದಿನ ನೀರಿನಲ್ಲಿ. ದಾರ ಸುತ್ತಿಟ್ಟ ರೀಲ್ ನನ್ನ ಕೈಗೆ ಕೊಟ್ಟರು. ಹೊರಗೆ ಒಂದು ಕಟ್ಟು, ಗುಹೆಯ ಬಾಯಿಯಲ್ಲಿ ಇನ್ನೊಂದು, ಆಮೇಲೆ ಅಲ್ಲಲ್ಲಿ ಬಂಡೆಗೆ ಸುತ್ತು ಹಾಕುತ್ತಾ ಒಳಗೆ ಹೋದೆವು. ತಿರುಗುವ ಜಾಗ ಬಂದಾಗ ಮೇಷ್ಟ್ರು ನಮ್ಮಿಬ್ಬರ ಮಾಸ್ಕ್‌ಗೂ ಕಪ್ಪು ಕವರ್ ಹಾಕಿದರು. ಇನ್ನು ದಾರ ಹಿಡಿದೇ ಹೊರಗೆ ಬರಬೇಕು.

ಅರ್ಧ ದಾರಿ ಸರಾಗವಾಗಿ ಬಂದೆ. ಆಮೇಲೆ ದಾರ ಒಂದು ಬಂಡೆಯ ಅಡಿಗೆ ಇಳಿಯಿತು. ಕೈ ಹೋಗುತ್ತದೆ, ಮೊಣಕೈ ಹೋಗುತ್ತದೆ, ಭುಜ ಹೋಗುವುದಿಲ್ಲ. ಟ್ಯಾಂಕ್ ಮೇಲಿನ ಕಲ್ಲಿಗೆ ಟಣ್ ಅಂತ ಬಡಿಯಿತು. ಬಂಡೆ ಸುತ್ತಿ ಆಚೆ ಬದಿಯಲ್ಲಿ ಹಿಡಿಯೋಣ ಅಂದುಕೊಂಡು ದಾರ ಬಿಟ್ಟೆ. ಆಚೆ ಕೈ ಚಾಚಿದರೆ ದಾರ ಇಲ್ಲ. ಈಚೆ ಚಾಚಿದರೂ ಇಲ್ಲ. ಉಸಿರು ಏರಿತು. ಗುಳ್ಳೆಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ. ಜೊತೆಗಾರ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಾನೆ, ಏನಾಗಿದೆ ಅಂತ ಅವನಿಗೆ ಗೊತ್ತಿಲ್ಲ. ಮೇಷ್ಟ್ರು ಕವರ್ ತೆಗೆದರು. ದಾರ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು.

ಅವರು ಬಯ್ಯಲಿಲ್ಲ. "ನಾಳೆ ಮತ್ತೆ ಮಾಡೋಣ" ಅಂದರು. ನನಗೆ ಮರುದಿನ ನೀರಿಗಿಳಿಯಲು ಮನಸ್ಸೇ ಬರಲಿಲ್ಲ. ಕೆಲವು ವಾರ ಬಿಟ್ಟು ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಕೇಳಬೇಕಾದ್ದು ಇಷ್ಟು. ಹೀಗೆ ದಾರ ಬಿಡುವವರಿಗೆ ಕೇವ್ ಡೈವಿಂಗ್ ಹೊಂದುವುದಿಲ್ಲ ಅಂತಲಾ? ನೀವು ಕಲಿಯುವಾಗ ಯಾರಿಗಾದರೂ ಹೀಗೆ ಆಗಿತ್ತಾ? ಇನ್ನೊಂದು, ಟ್ಯಾಂಕಿನ ಒತ್ತಡ 200 ಬಾರ್ ಇರುವಾಗ ಶುರು ಮಾಡಿ 140ಕ್ಕೇ ತಿರುಗಿಸಿದರು. ಅಷ್ಟೊಂದು ಗಾಳಿ ಉಳಿದಿರುವಾಗ ಯಾಕೆ? ಮೂರರಲ್ಲಿ ಒಂದು ಪಾಲು ಗಾಳಿ ಮಾತ್ರ ಒಳಗೆ ಹೋಗಲು ಬಳಸಬೇಕು ಅನ್ನುವ ನಿಯಮ ಅಂತ ಗೊತ್ತು. ಆದರೆ ಮನಸ್ಸಿಗೆ ಇಳಿದಿಲ್ಲ.

ನಿಧಾನಸ್ಥ:

ಮೀನುಕಣ್ಣು ಅವರೇ, ನಿಮ್ಮ ಬರಹ ಎರಡು ಸಲ ಓದಿದೆ. ದಾರ ಬಿಟ್ಟದ್ದನ್ನೇ ನೀವು ದೊಡ್ಡದು ಮಾಡಿಕೊಂಡಿದ್ದೀರಿ. ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಆ ದಾರ ಹಾಸಿದವರು ಯಾರು? ನೀವೇ ಅಲ್ವಾ?

ದೇಹ ತೂರದ ಸಂದಿಯೊಳಗೆ ದಾರ ಹೋಗಿಬಿಡುವುದಕ್ಕೆ ಲೈನ್ ಟ್ರ್ಯಾಪ್ ಅನ್ನುತ್ತಾರೆ. ಆಗುವುದು ಹೀಗೆ. ಹೋಗುವಾಗ ನೀರು ತಿಳಿಯಾಗಿರುತ್ತದೆ. ನೀವು ಬಂಡೆಯ ಬಲಕ್ಕೆ ಅಗಲವಾದ ದಾರಿಯಲ್ಲಿ ಈಜಿ ಹೋಗುತ್ತೀರಿ. ಸ್ವಲ್ಪ ಮುಂದೆ ಗುಹೆ ಎಡಕ್ಕೆ ತಿರುಗುತ್ತದೆ, ನೀವೂ ತಿರುಗುತ್ತೀರಿ. ರೀಲಿನ ದಾರ ಬಿಗಿಯಾಗಿರುತ್ತದಲ್ಲ, ಅದು ನೀವು ಈಜಿದ ದಾರಿಯಲ್ಲಿ ನಿಲ್ಲುವುದಿಲ್ಲ. ಒಳಬದಿಗೆ ಸರಿದು, ಎರಡು ಕಟ್ಟುಗಳ ನಡುವಿನ ಅತಿ ಹತ್ತಿರದ ಗೆರೆ ಹಿಡಿಯುತ್ತದೆ. ಆ ಗೆರೆ ಬಂಡೆಯ ಅಡಿಯಲ್ಲೇ ಇದ್ದರೆ ಅಲ್ಲಿಗೇ ಇಳಿಯುತ್ತದೆ. ಕಣ್ಣಿಗೆ ಕಾಣುವಾಗ ಇದು ಏನೂ ಅನ್ನಿಸುವುದಿಲ್ಲ. ದಾರ ಅಲ್ಲೇ ಇದೆ, ಪಕ್ಕದಲ್ಲಿ ಈಜಿಕೊಂಡು ಬಂದರಾಯಿತು. ಕಣ್ಣು ಹೋದ ಮೇಲೆ ಮಾತ್ರ ದಾರ ಇರುವಲ್ಲೇ ನಿಮ್ಮ ದೇಹವೂ ಹೋಗಬೇಕು.

ಇದಕ್ಕೆ ಮದ್ದು ತಿರುವಿಗೆ ಮುಂಚೆಯೇ ಇದೆ. ಹೊರಬದಿಯಲ್ಲಿ ಒಂದು ಮೂಲೆ ನೋಡಿ ದಾರವನ್ನು ಅದಕ್ಕೆ ತಾಗಿಸಿ, ಒಂದು ಸುತ್ತು ಹಾಕಿ, ಆಮೇಲೆ ತಿರುಗಿ. ಆಗ ದಾರ ಒಳಕ್ಕೆ ಸರಿಯುವುದಿಲ್ಲ. ಪ್ರತಿ ಕಟ್ಟಿನ ಮುಂದೆ ನಾನು ಎರಡು ಕ್ಷಣ ನಿಂತು ಹಿಂತಿರುಗಿ ನೋಡುತ್ತೇನೆ. ಈಗ ಕಣ್ಣು ಮುಚ್ಚಿದರೆ ಈ ದಾರದ ಮೇಲೆ ನನ್ನ ಭುಜ, ಟ್ಯಾಂಕ್ ಎರಡೂ ಹೋಗುತ್ತವಾ? ಇಲ್ಲ ಅನ್ನಿಸಿದರೆ ಹಿಂದೆ ಹೋಗಿ ಕಟ್ಟು ಬದಲಿಸುತ್ತೇನೆ. ಜೊತೆಗಾರ ಕಾಯುತ್ತಾನೆ. ಕಾಯಲಾಗದ ಜೊತೆಗಾರ ಬೇಡ.

ಹೊರಗಿನ ಕಟ್ಟು, ಬಾಯಿಯ ಕಟ್ಟು ಅಂತ ನೀವು ಬರೆದಿದ್ದು ಸರಿಯಾಗಿದೆ. ಮೊದಲನೆಯದು ನೇರವಾಗಿ ಮೇಲಕ್ಕೆ ಹೋಗಬಹುದಾದ ಜಾಗದಲ್ಲಿ ಇರಬೇಕು. ಅದು ಬಿಚ್ಚಿಕೊಂಡರೂ ಎರಡನೆಯದು ಹಿಡಿದಿರುತ್ತದೆ.

ಈಗ ದಾರ ತಪ್ಪಿದರೆ ಏನು ಮಾಡಬೇಕು ಅನ್ನುವುದು. ನೀವು ಕೈ ಆಚೆ ಈಚೆ ಬೀಸಿದಿರಿ, ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಅದು ಬೇಡ. ಮೊದಲು ನಿಲ್ಲಿ. ಕಾಲು ಆಡಿಸಬೇಡಿ. ಕೈಗೆ ಸಿಕ್ಕ ಮೊದಲ ಗಟ್ಟಿ ಕಲ್ಲಿಗೆ ನಿಮ್ಮ ಸೇಫ್ಟಿ ಸ್ಪೂಲಿನ, ಅಂದರೆ ಜೊತೆಗಿಟ್ಟುಕೊಳ್ಳುವ ಚಿಕ್ಕ ಉರುಳೆಯ, ದಾರ ಕಟ್ಟಿ. ಅಲ್ಲಿಗೆ ನೀವು ಇನ್ನಷ್ಟು ದೂರ ಕಳೆದುಹೋಗುವುದು ನಿಂತಿತು. ಆಮೇಲೆ ದಾರ ಇರಬಹುದು ಅನ್ನಿಸುವ ದಿಕ್ಕಿಗೆ ಸ್ಪೂಲ್ ಬಿಚ್ಚುತ್ತಾ ನಿಧಾನವಾಗಿ ಹೋಗಿ, ಒಂದು ಕೈಯಿಂದ ಮೇಲಿಂದ ಕೆಳಗೆ ತಡಕಿ. ಸಿಗಲಿಲ್ಲವಾ, ಅದೇ ಸ್ಪೂಲ್ ಸುತ್ತಿಕೊಂಡು ಕಲ್ಲಿಗೆ ವಾಪಸ್ ಬಂದು ಇನ್ನೊಂದು ದಿಕ್ಕು. ಸಿಕ್ಕಿತಾ, ಸ್ಪೂಲನ್ನು ಅದಕ್ಕೆ ಕಟ್ಟಿಬಿಡಿ. ಹೊರಗಿನ ದಾರಿ ಯಾವ ಕಡೆ ಅಂತ ಹೇಳಲು ದಾರದ ಮೇಲೆ ಬಾಣ ಇರುತ್ತದೆ. ಪ್ಲಾಸ್ಟಿಕ್‌ನ ತ್ರಿಕೋನ, ಚೂಪು ತುದಿ ಹತ್ತಿರದ ಬಾಗಿಲಿನ ಕಡೆಗೆ. ಹೆಬ್ಬೆರಳಿನಲ್ಲೇ ಗೊತ್ತಾಗುತ್ತದೆ. ದುಂಡಗಿನದು ಸಿಕ್ಕರೆ ಅದರಿಂದ ದಿಕ್ಕು ತಿಳಿಯುವುದಿಲ್ಲ, ಅದು ಡೈವರ್‌ಗಳು ತಮ್ಮ ಗುರುತಿಗೆ ಹಾಕಿಕೊಂಡದ್ದು.

ಹೊಂದುವುದಿಲ್ಲವಾ ಅಂತ ಕೇಳಿದಿರಿ. ನೀವು ಹೆದರಿದಿರಿ, ಉಸಿರು ಏರಿತು, ಆದರೂ ಎದ್ದುಬಿದ್ದು ಬೆಳಕಿನ ಕಡೆ ಓಡಲಿಲ್ಲ. ಕವರ್ ಕಿತ್ತು ಬಿಸಾಕಲಿಲ್ಲ. ನಿಮ್ಮನ್ನು ವಾಪಸ್ ಕರೆದ ಮೇಷ್ಟ್ರು ಇದನ್ನು ನೋಡಿಯೇ ಕರೆದಿರುತ್ತಾರೆ. ಎರಡೇ ದಿನಕ್ಕೆ ಕೋರ್ಸ್ ಪಾಸಾದ ಕಾರ್ಡ್ ಕೊಟ್ಟು ಕಳಿಸುವವರಿಗಿಂತ ಇವರು ಎಷ್ಟೋ ಮೇಲು. ಇವರನ್ನು ಬಿಡಬೇಡಿ.

ತಳದ ಮರಳು:

ಗಾಳಿಯ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ನನಗೂ ಲೆಕ್ಕ ಹಾಕಿದ ಮೇಲೇ ಅರ್ಥ ಆಗಿದ್ದು.

12 ಲೀಟರಿನ ಒಂದು ಟ್ಯಾಂಕ್, 200 ಬಾರ್. ಮೂರರಲ್ಲಿ ಒಂದು ಪಾಲು 66 ಚಿಲ್ಲರೆ, ಕೆಳಕ್ಕೆ ಇಳಿಸಿ 60 ಅಂತ ಹಿಡಿಯುತ್ತಾರೆ. ಅಂದರೆ 140ಕ್ಕೆ ತಿರುಗಬೇಕು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೀರಿ ಅನ್ನಿ. 15 ಮೀಟರ್ ಆಳದಲ್ಲಿ ಒತ್ತಡ ಎರಡೂವರೆ ಪಟ್ಟು, ಹಾಗಾಗಿ ನಿಮಿಷಕ್ಕೆ 50 ಲೀಟರ್. ಒಳಗೆ ಹೋಗಲು ಬಳಸಿದ್ದು 60 ಬಾರ್, ಅದನ್ನು ಟ್ಯಾಂಕಿನ 12 ಲೀಟರಿಗೆ ಗುಣಿಸಿದರೆ 720 ಲೀಟರ್. ಹೆಚ್ಚುಕಡಿಮೆ 14 ನಿಮಿಷ ಒಳಗೆ ಹೋಗಿದ್ದೀರಿ.

ಈಗ ಅತಿ ದೂರದ ಜಾಗದಲ್ಲಿ, ತಿರುಗುವ ಹೊತ್ತಿಗೇ ಜೊತೆಗಾರನ ಗಾಳಿ ಪೂರ್ತಿ ಹೋಯಿತು. ನಿಮ್ಮ ಟ್ಯಾಂಕಿನಲ್ಲಿ ಇರುವ 140 ಬಾರ್, 1680 ಲೀಟರ್, ಇಬ್ಬರಿಗೂ ಅದೇ. ಇಬ್ಬರೂ ತಣ್ಣಗೆ ಉಸಿರಾಡಿದರೆ ನಿಮಿಷಕ್ಕೆ 100 ಲೀಟರ್. 14 ನಿಮಿಷಕ್ಕೆ 1400. ಉಳಿಯುವುದು 280 ಲೀಟರ್. ಸಾಕಪ್ಪ ಅನ್ನಿಸುತ್ತದೆ ಅಲ್ವಾ?

ಆದರೆ ಗಾಳಿ ಹೋದವನು ತಣ್ಣಗೆ ಉಸಿರಾಡುವುದಿಲ್ಲ. ನೀವೂ ಅಷ್ಟೇ. 20ರ ಬದಲು 30 ಅಂತ ಹಿಡಿಯಿರಿ, ಅದೇನೂ ಜಾಸ್ತಿ ಅಲ್ಲ. ಆಗ ಇಬ್ಬರಿಗೆ ನಿಮಿಷಕ್ಕೆ 150 ಲೀಟರ್. 1680 ಲೀಟರ್ 11 ನಿಮಿಷಕ್ಕೆ ಮುಗಿಯುತ್ತದೆ. ಬಾಗಿಲು ಇರುವುದು 14 ನಿಮಿಷ ದೂರದಲ್ಲಿ.

ಇದನ್ನು ಮೊದಲ ಸಲ ಬರೆದು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೇ ಒಂದು ಅನ್ನುವುದು ಧಾರಾಳತನ ಅಲ್ಲ, ಅದಕ್ಕಿಂತ ಆಚೆ ಹೋಗಬಾರದು ಅನ್ನುವ ಗೆರೆ. ನೀರು ಗುಹೆಯಿಂದ ಹೊರಗೆ ಹರಿಯುವ ಕಡೆ ವಾಪಸ್ ಬರುವಾಗ ಹರಿವು ನಮ್ಮನ್ನು ತಳ್ಳುತ್ತದೆ, ಸಮಯ ಉಳಿಯುತ್ತದೆ. ಒಳಗೆ ಎಳೆದುಕೊಳ್ಳುವ ಗುಹೆಗಳೂ ಇವೆ. ಅಲ್ಲಿ ಹೋಗುವಾಗ ಸಲೀಸು, ಬರುವಾಗ ಹರಿವಿಗೆ ಎದುರಾಗಿ ಈಜಬೇಕು. ಅಂಥ ಕಡೆ ಮೂರನೇ ಒಂದು ಸಾಲುವುದೇ ಇಲ್ಲ, ಇನ್ನೂ ಬೇಗ ತಿರುಗಬೇಕು. ಇಬ್ಬರಲ್ಲಿ ಯಾರು ಮೊದಲು ತಮ್ಮ ಗೆರೆ ಮುಟ್ಟುತ್ತಾರೋ ಆಗಲೇ ಇಬ್ಬರೂ ತಿರುಗುವುದು.

ಟ್ಯಾಂಕಿನಿಂದ ಬಾಯಿಗೆ ಗಾಳಿ ತರುವ ಕೊಳವೆ, ಅಂದರೆ ಹೋಸ್, ಉದ್ದ ಯಾಕೆ ಅಂತ ಮುಂದೆ ಹೇಳಿಕೊಡುತ್ತಾರೆ. ಸುಮಾರು ಎರಡು ಮೀಟರಿನದು. ಇಕ್ಕಟ್ಟಿನಲ್ಲಿ ಇಬ್ಬರು ಅಕ್ಕಪಕ್ಕ ಹೋಗಲು ಆಗುವುದಿಲ್ಲ, ಒಬ್ಬರ ಹಿಂದೆ ಒಬ್ಬರು ಹೋಗುತ್ತಾ ಒಂದೇ ಟ್ಯಾಂಕಿನಿಂದ ಉಸಿರಾಡಬೇಕು. ಅದಕ್ಕೆ.

ಹೊಸ್ತಿಲು:

ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು ಕೇವರ್ನ್ ಕೋರ್ಸ್ ಮುಗಿಸಿ ಅಲ್ಲಿಗೇ ನಿಲ್ಲಿಸಿದವನು. ಬಾಗಿಲಿನ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗುತ್ತೇನೆ. ಮೇಲ್ಮೈಯಿಂದ ಎಷ್ಟು ದೂರ ಅನ್ನುವುದಕ್ಕೆ ಕೆಲವು ಸಂಸ್ಥೆಗಳು 40 ಮೀಟರ್, ಕೆಲವು 60 ಮೀಟರ್ ಅನ್ನುತ್ತವೆ. ಆಳ, ಅಡ್ಡ ಎರಡೂ ಕೂಡಿಸಿ ಆ ಲೆಕ್ಕ. ಅಷ್ಟರೊಳಗೆ ನಾನು ಕಂಡದ್ದು ಕಡಿಮೆಯಲ್ಲ.

ಮೆಕ್ಸಿಕೋದ ಯುಕಾತಾನ್‌ನಲ್ಲಿ ಸೆನೋಟೆ ಅಂತ ನೀರಿನ ಗುಂಡಿಗಳಿವೆ. ಕೆಳಗೆ ಒಂದಕ್ಕೊಂದು ಸೇರಿಕೊಂಡ ಗುಹೆಗಳು. 2018ರಲ್ಲಿ ಅಲ್ಲಿನ ಎರಡು ದೊಡ್ಡ ಗುಹೆಜಾಲಗಳು ಒಂದೇ ಅಂತ ಡೈವರ್‌ಗಳು ಕಂಡುಹಿಡಿದಾಗ ಸಾಕ್ ಅಕ್ತುನ್ ಅನ್ನುವ ಆ ಜಾಲದ ಒಟ್ಟು ಉದ್ದ 347 ಕಿಲೋಮೀಟರ್ ಆಯಿತು. ಅಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಎರಡೂ ಸೇರುವ ಪದರದೊಳಗೆ ಹೋದಾಗ ಎಲ್ಲ ಕಲಕಿದಂತೆ ಮಂಜು ಮಂಜಾಗಿ ಕಾಣುತ್ತದೆ. ಮೊದಲ ಸಲ ಮಾಸ್ಕ್ ಕೆಟ್ಟಿತು ಅಂದುಕೊಂಡು ಒರೆಸಿಕೊಳ್ಳಲು ಕೈ ಎತ್ತಿದ್ದೆ. ಅರ್ಧ ಮೀಟರ್ ಮೇಲೆ ಬಂದರೆ ಮತ್ತೆ ಗಾಜಿನಷ್ಟು ತಿಳಿ. ಸೂರ್ಯನ ಬಿಸಿಲು ಕೋಲು ಕೋಲಾಗಿ ತಳದವರೆಗೆ ಇಳಿದಿರುತ್ತದೆ, ಅದರೊಳಗೆ ಗುಳ್ಳೆಗಳು ಏರುತ್ತಿರುತ್ತವೆ.

ಬೆಳಕು ಮುಗಿಯುವಲ್ಲಿ ಒಂದು ಫಲಕ ನಿಲ್ಲಿಸಿರುತ್ತಾರೆ. ಕುಡುಗೋಲು ಹಿಡಿದ ಸಾವಿನ ಚಿತ್ರ. ಇಲ್ಲಿಂದ ಮುಂದೆ ಹೋಗಬೇಡಿ, ಪ್ರಾಣ ಕೊಡುವಂಥದ್ದು ಈ ಗುಹೆಯಲ್ಲಿ ಏನೂ ಇಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಾನು ಪ್ರತಿ ಸಲ ಅಲ್ಲಿಯವರೆಗೆ ಹೋಗಿ, ಒಂದು ನಿಮಿಷ ಆಚೆಯ ಕತ್ತಲೆ ನೋಡಿ, ವಾಪಸ್ ಬರುತ್ತೇನೆ. ಏನೋ ಕಳೆದುಕೊಂಡೆ ಅಂತ ಯಾವತ್ತೂ ಅನ್ನಿಸಿಲ್ಲ. ನೀವು ಮುಂದೆ ಹೋಗಲೇಬೇಕು ಅಂತ ಇಲ್ಲ ಅನ್ನುವುದನ್ನು ಯಾರಾದರೂ ಹೇಳಬೇಕಲ್ಲ, ಅದಕ್ಕೆ ಬರೆದೆ. ಆದರೆ ಈ ಕೋರ್ಸ್ ಮಾತ್ರ ಮುಗಿಸಿ. ಮುಗಿಸದೆ ಬಾಗಿಲಿನ ಹತ್ತಿರವೂ ಹೋಗಬೇಡಿ.

ಮೀನುಕಣ್ಣು:

ಮೂವರಿಗೂ ತುಂಬಾ ಥ್ಯಾಂಕ್ಸ್. ಹೊಸ್ತಿಲು ಅವರೇ, ನಿಮ್ಮ ಮಾತು ಓದಿ ಹಗುರಾಯಿತು.

ನಿಧಾನಸ್ಥ ಅವರೇ, ನೀವು ಹೇಳಿದ ಮೇಲೆ ಆ ಬಂಡೆಯ ಹತ್ತಿರ ನಾನು ಏನು ಮಾಡಿದ್ದೆ ಅಂತ ನೆನಪು ಮಾಡಿಕೊಂಡೆ. ಅಲ್ಲಿ ಸುತ್ತು ಹಾಕಬೇಕಾ ಅಂತ ಒಂದು ಕ್ಷಣ ಯೋಚಿಸಿದ್ದೆ. ಜೊತೆಗಾರ ಹಿಂದೆ ಕಾಯುತ್ತಿದ್ದ, ಅವನ ಟಾರ್ಚ್ ನನ್ನ ಕೈ ಮೇಲೆ ಇತ್ತು. ತಡವಾಗುತ್ತಿದೆ ಅನ್ನಿಸಿ ಮುಂದೆ ಹೋಗಿಬಿಟ್ಟೆ. ಇದನ್ನು ನಾನು ಮೇಷ್ಟ್ರಿಗೂ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತಿದೆ. ನಾನು ಹಾಸುವಾಗ ಅವರು ಅಲ್ಲೇ ಪಕ್ಕದಲ್ಲಿ ನೋಡುತ್ತಿದ್ದರು, ತಿದ್ದಲಿಲ್ಲ.

ಇನ್ನೊಂದು ವಿಷಯ. ತಿರುಗುವ ಜಾಗದಲ್ಲಿ ನನ್ನ ಫಿನ್ ತಳಕ್ಕೆ ತಾಗಿ ಹೂಳು ಎದ್ದಿತ್ತು. ಹೊಗೆಯ ಹಾಗೆ. ಅದಕ್ಕೆ ಏನು ಅಭ್ಯಾಸ ಮಾಡಲಿ?

ನಿಧಾನಸ್ಥ:

ಅವರು ತಿದ್ದದೆ ಬಿಟ್ಟದ್ದು ಒಳ್ಳೆಯದಾಯಿತು. ಬಾಯಿಮಾತಿನಲ್ಲಿ ಹೇಳಿದ್ದರೆ ನಾಳೆಗೆ ಮರೆಯುತ್ತಿದ್ದಿರಿ.

ಹೂಳಿನ ವಿಷಯ. ಸಮುದ್ರದಲ್ಲಿ ಕಾಲನ್ನು ಮೇಲೆ ಕೆಳಗೆ ಬಡಿದು ಈಜಿ ಅಭ್ಯಾಸ ಆಗಿರುತ್ತದೆ. ಆ ನೀರಿನ ಹೊಡೆತ ನೇರ ತಳಕ್ಕೆ ಬೀಳುತ್ತದೆ. ಗುಹೆಯ ಹೂಳು ಗೋಧಿ ಹಿಟ್ಟಿಗಿಂತ ನುಣುಪು. ಒಮ್ಮೆ ಎದ್ದರೆ ನೀರೆಲ್ಲ ಬಗ್ಗಡ, ಕೈಯಲ್ಲಿರುವ ಟಾರ್ಚ್ ಕೂಡ ಕಾಣುವುದಿಲ್ಲ. ಕಪ್ಪೆಯ ಹಾಗೆ ಮೊಣಕಾಲು ಮಡಚಿ ಹಿಂದಕ್ಕೆ ತಳ್ಳುವ ಫ್ರಾಗ್ ಕಿಕ್ ಕಲಿಯಿರಿ. ಜೊತೆಗೆ ಹಿಂದಕ್ಕೆ ಈಜುವುದು, ನಿಂತಲ್ಲೇ ತಿರುಗುವುದು. ಈ ಮೂರನ್ನು ಗುಹೆಯ ಹೊರಗೆ ಮೂರು ಮೀಟರ್ ಆಳದಲ್ಲಿ ಮಾಡಿ. ಯಾರಾದರೂ ಪಕ್ಕದಿಂದ ವಿಡಿಯೋ ತೆಗೆಯಲಿ. ನಾವು ಅಡ್ಡಕ್ಕೆ ನೆಟ್ಟಗಿದ್ದೇವೆ ಅಂದುಕೊಂಡಿರುತ್ತೇವೆ, ವಿಡಿಯೋದಲ್ಲಿ ನೋಡಿದರೆ ಮೊಣಕಾಲು ಜೋತುಬಿದ್ದಿರುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್ಲಿ 1970ರ ದಶಕದಲ್ಲಿ ಗುಹೆಗಳಲ್ಲಿ ಸತ್ತ ಡೈವರ್‌ಗಳ ಘಟನೆಗಳನ್ನು ಒಂದೊಂದಾಗಿ ಕೂತು ಪರಿಶೀಲಿಸಿದರು. ಬಾಗಿಲಿನವರೆಗೆ ತುಂಡಾಗದ ದಾರ ಇರಲಿಲ್ಲ, ವಾಪಸ್ ಬರಲು ಮೂರನೇ ಎರಡು ಪಾಲು ಗಾಳಿ ಉಳಿಸಿಕೊಂಡಿರಲಿಲ್ಲ, ತೀರಾ ಆಳಕ್ಕೆ ಹೋದರು. ಇವೇ ಮತ್ತೆ ಮತ್ತೆ ಬಂದವು. ತರಬೇತಿ ಇರಬೇಕು, ಮೂರು ಟಾರ್ಚ್ ಇರಬೇಕು ಅನ್ನುವುದೂ ಅವುಗಳ ಜೊತೆ ಸೇರಿತು. ನಿಮ್ಮ ಮೇಷ್ಟ್ರು ಕಲಿಸುತ್ತಿರುವ ಒಂದೊಂದು ನಿಯಮದ ಹಿಂದೆಯೂ ವಾಪಸ್ ಬರದವರು ಇದ್ದಾರೆ. ಎಕ್ಸ್ಲಿ ಕೂಡ 1994ರಲ್ಲಿ ಮೆಕ್ಸಿಕೋದ ಸಕಾಟೋನ್ ಅನ್ನುವ ನೀರು ತುಂಬಿದ ಆಳದ ಗುಂಡಿಯಲ್ಲಿ ಅತಿ ಆಳದ ಡೈವ್ ಮಾಡುವಾಗ ತೀರಿಕೊಂಡರು. ಅವರಷ್ಟು ಅನುಭವ ಇದ್ದವರು ಆಗ ಬೆರಳೆಣಿಕೆಯಷ್ಟು ಜನ. ನೀರಿಗೆ ಇಳಿಯುವ ಮುಂಚೆ ನನಗೆ ಈಗಲೂ ಇದು ನೆನಪಾಗುತ್ತದೆ.

ಹೆಬ್ಬೆರಳು ಮೇಲೆ ಎತ್ತಿದರೆ ಡೈವ್ ಮುಗಿಯಿತು ಅಂತ. ಯಾರು ಬೇಕಾದರೂ, ಯಾವಾಗ ಬೇಕಾದರೂ. ಕಾರಣ ಕೇಳುವಂತಿಲ್ಲ. ತಡವಾಗುತ್ತಿದೆ ಅಂತ ನಾಚಿಕೊಂಡ ನೀವು ಇದನ್ನು ಬಳಸುವುದನ್ನೂ ಅಭ್ಯಾಸ ಮಾಡಿ.

ಮೀನುಕಣ್ಣು:

ಏಳು ವಾರ ಆಯಿತು. ಹೇಳದೆ ಇರಲಾರೆ, ಅದಕ್ಕೆ ಮತ್ತೆ ಬಂದೆ.

ಮಧ್ಯೆ ಹನ್ನೊಂದು ದಿನ ಕೊಳದಲ್ಲಿ ಫ್ರಾಗ್ ಕಿಕ್ ಮಾಡಿದೆ. ವಿಡಿಯೋದಲ್ಲಿ ಮೊಣಕಾಲು ನಿಜವಾಗಿಯೂ ಜೋತುಬಿದ್ದಿತ್ತು. ಮನೆಯಲ್ಲಿ ರಾತ್ರಿ ದೀಪ ಆರಿಸಿ ಕುರ್ಚಿಯಿಂದ ಕಿಟಕಿ ಸರಳಿಗೆ ಸ್ಪೂಲ್ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಬೆರಳಿಗೆ ರೂಢಿ ಮಾಡಿಕೊಂಡೆ.

ಅದೇ ಗುಹೆ, ಅದೇ ಮೇಷ್ಟ್ರು. ಅದೇ ಬಂಡೆಯ ಹತ್ತಿರ ನಿಂತೆ. ಬಲಗಡೆ ಗೋಡೆಯಲ್ಲಿ ಮೂಗಿನ ಹಾಗೆ ಒಂದು ಕಲ್ಲು ಚಾಚಿತ್ತು. ಅದಕ್ಕೆ ಒಂದು ಸುತ್ತು ಹಾಕಿದೆ, ಜಾರಿತು. ಇನ್ನೊಂದು ಹಾಕಿದೆ, ಜಾರಿತು. ಮೂರನೇ ಸಲ ಸ್ವಲ್ಪ ಕೆಳಗೆ ಒಂದು ಕಚ್ಚು ಸಿಕ್ಕಿತು, ದಾರ ಅದರಲ್ಲಿ ಕೂತಿತು. ಜೊತೆಗಾರನ ಬೆಳಕು ನನ್ನ ಕೈ ಮೇಲೆ ಅಲ್ಲಾಡದೆ ನಿಂತಿತ್ತು. ಹಿಂದೆ ಬಂದು ನೋಡಿದೆ. ಬಂಡೆಗೂ ದಾರಕ್ಕೂ ನಡುವೆ ನನ್ನ ಟ್ಯಾಂಕ್ ಆರಾಮವಾಗಿ ಹೋಗುವಷ್ಟು ಜಾಗ.

ವಾಪಸ್ ಬರುವಾಗ ಕಪ್ಪು ಕವರ್. ಈ ಸಲ ದಾರ ಬಲಕ್ಕೆ ತಿರುಗಿದ್ದು ಬೆರಳಿಗೆ ಗೊತ್ತಾಯಿತು. ಮೂಗಿನ ಕಲ್ಲು ಸಿಕ್ಕಿತು, ಒರಟು, ತಣ್ಣಗೆ. ಕಚ್ಚು ಸಿಕ್ಕಿತು. ಅಲ್ಲಿ ಜೊತೆಗಾರನ ಕೈ ತಂದು ಆ ಕಲ್ಲಿನ ಮೇಲೆ ಇಟ್ಟೆ, ಅವನು ನನ್ನ ತೋಳನ್ನು ಮುಂದಕ್ಕೆ ತಳ್ಳಿದ. ಬಾಯಿಯ ಕಟ್ಟು ಮುಟ್ಟುವವರೆಗೆ ಟ್ಯಾಂಕ್ ಒಮ್ಮೆಯೂ ಬಡಿಯಲಿಲ್ಲ.

ಕಾರ್ಡ್ ಬಂತು. ಮುಂದಿನ ಹಂತಕ್ಕೆ ಈಗಲೇ ಹೋಗುವುದಿಲ್ಲ. ಮೊದಲು ಬೆಳಕಿನೊಳಗೇ ಮೂವತ್ತು ಡೈವ್, ಪ್ರತಿ ಸಲ ದಾರ ನಾನೇ ಹಾಸಬೇಕು ಅಂತ ಅಂದುಕೊಂಡಿದ್ದೇನೆ. ತಳದ ಮರಳು ಅವರೇ, ಈ ಸಲ ಗಾಳಿಯ ಲೆಕ್ಕ ಇಬ್ಬರದ್ದೂ ನಾನೇ ಬರೆದೆ. ಜೊತೆಗಾರನದು ದೊಡ್ಡ ಟ್ಯಾಂಕ್, ನನ್ನದು ಚಿಕ್ಕದು. ಇಬ್ಬರ ಟ್ಯಾಂಕ್ ಬೇರೆ ಬೇರೆ ಅಳತೆಯದಾದರೆ ಬಾರ್‌ನಲ್ಲಿ ಲೆಕ್ಕ ಹಿಡಿಯದೆ ಲೀಟರಿನಲ್ಲೇ ಹಿಡಿಯಬೇಕು ಅಲ್ವಾ? ನಾನು ಹಾಗೆ ಮಾಡಿದ್ದೇನೆ, ಸರಿಯಾ ನೋಡಿ ಹೇಳಿ.

ತಳದ ಮರಳು:

ಸರಿ ಇದೆ. ಲೀಟರಿನಲ್ಲೇ ಮಾಡಿ. ಚಿಕ್ಕ ಟ್ಯಾಂಕಿನವರ ಮೂರನೇ ಒಂದು ಪಾಲು ಎಷ್ಟು ಲೀಟರೋ, ದೊಡ್ಡ ಟ್ಯಾಂಕಿನವರೂ ಒಳಗೆ ಹೋಗಲು ಅಷ್ಟೇ ಬಳಸಲಿ. ಅದನ್ನು ಮತ್ತೆ ಅವರವರ ಟ್ಯಾಂಕಿನ ಬಾರ್‌ಗೆ ಬದಲಿಸಿ, ನೀರಿಗಿಳಿಯುವ ಮುಂಚೆ ಇಬ್ಬರ ಸ್ಲೇಟಿನ ಮೇಲೂ ಬರೆದುಕೊಳ್ಳಿ. ಮೂವತ್ತು ಡೈವ್ ಆದ ಮೇಲೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇವೆ.